ಬ್ಯಾಂಕಿನವರು ಓದುವ ಮೊದಲು ನೀವು ಓದಿ



ಇವತ್ತು ರಾಜಕೀಯ ಬೇಡ. ಇವತ್ತು ಮನೆ ಕಟ್ಟುವ ಮಾತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದು ಖರ್ಚು ಮತ್ತು ಓಡಾಟದ ಬಗ್ಗೆ. ಈಗ ಆ ಗಾದೆಗೆ ಇನ್ನೊಂದು ತುಂಡು ಸೇರಿಸಬೇಕು: ಮನೆ ಸಾಲಕ್ಕೆ ಅರ್ಜಿ ಹಾಕಿ ನೋಡು. ಹಾಕಿದ ದಿನ ಗೊತ್ತಾಗುತ್ತೆ, ಇಷ್ಟು ವರ್ಷ ನಾವು ಎಲ್ಲೆಲ್ಲಿ ಸಹಿ ಹಾಕಿದ್ವಿ ಅಂತ.

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಗಬ್ಬೂರು ಸಿಗುತ್ತೆ. ಹಳೆಯ ಊರು. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು, ಶಾಸನಗಳು ಇರುವ ಊರು. ಹತ್ತಿ ಬೆಳೆಯ ವರದಿಗೆ ಅಂತ ನಮ್ಮ ತಂಡ ಆ ಕಡೆ ಹೋಗಿತ್ತು. ಮುಂಜಾನೆ ರಸ್ತೆ ಬದಿಯ ಹೋಟೆಲ್‌ನಲ್ಲಿ ಒಗ್ಗರಣಿ, ಮಿರ್ಚಿ ತಿನ್ನುತ್ತಾ ಕೂತಿದ್ವಿ. ಮೂವತ್ತರ ಆಸುಪಾಸಿನ ಒಬ್ಬ ಯುವಕ ಬಂದು ಎದುರು ನಿಂತ.

“ಸರ್ರ, ನಿಮ್ಮ ಕಾರ್ಯಕ್ರಮ ದಿನಾ ನೋಡ್ತೀನ್ರಿ. ದೊಡ್ಡ ದೊಡ್ಡವ್ರು ಕೋಟಿಗಟ್ಟಲೆ ಮುಳುಗಿಸಿ ಓಡಿ ಹೋಗಿದ್ದು ತೋರಿಸ್ತೀರಿ. ನಾ ಯಾರ ದುಡ್ಡೂ ಮುಳುಗಿಸಿಲ್ರಿ. ನನಗ್ಯಾಕ ಮನಿ ಸಾಲ ಕೊಡವಲ್ರು?”

ಕೂರಿಸಿ ಕೇಳಿದೆ. ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹೊಲಗಳ ಪಂಪ್‌ಸೆಟ್ ಸುಟ್ಟರೆ ಇವನ ಹತ್ತಿರವೇ ಬರಬೇಕು. ಸೀಸನ್ನಿನಲ್ಲಿ ಊಟಕ್ಕೂ ಪುರಸೊತ್ತಿಲ್ಲ. ಅಪ್ಪ ಬಿಟ್ಟು ಹೋದ ಜಾಗ ಇದೆ. ಇ-ಸ್ವತ್ತಿನ ನಮೂನೆ 9, ನಮೂನೆ 11 ಎರಡೂ ಕೈಯಲ್ಲಿವೆ. ಆದಾಯ ತೆರಿಗೆ ರಿಟರ್ನ್ಸ್ ಕಟ್ಟಿದ್ದಾನೆ. ಕೇಳಿದ್ದು 15 ಲಕ್ಷ. ಬ್ಯಾಂಕಿನ ಸಾಹೇಬರು ಕಾಗದವೆಲ್ಲ ನೋಡಿ ಸರಿ ಅಂದರಂತೆ. ಆಮೇಲೆ ಕಂಪ್ಯೂಟರ್ ನೋಡಿ, “ಸಿಬಿಲ್ 608 ಐತಿ, ಆಗಂಗಿಲ್ಲ” ಅಂದರಂತೆ. ಅಷ್ಟೇ. ಮಾತು ಮುಗೀತು.

ಅವನಿಗೆ ಬ್ಯಾಂಕಿನ ಮೇಲೆ ಸಿಟ್ಟು. ನಾನು ಕೇಳಿದ ಮೊದಲ ಪ್ರಶ್ನೆ: “ನಿನ್ನ ವರದಿ ನೀನು ಓದಿದೀಯೇನಪ್ಪಾ?” ಅವನ ಉತ್ತರ: “ಅದನ್ನ ನಾವೂ ಓದಬಹುದೇನ್ರಿ?”

ವೀಕ್ಷಕರೇ, ಇವತ್ತಿನ ಇಡೀ ಮಾತು ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಓದಬಹುದು. ಓದಲೇಬೇಕು. ಅದೂ ಅರ್ಜಿ ಹಾಕುವುದಕ್ಕೆ ಕನಿಷ್ಠ ಒಂದು ವರ್ಷ ಮೊದಲು.

ಮೊದಲು ಈ ಸಿಬಿಲ್ ಅಂದ್ರೆ ಏನು ಅಂತ ನೋಡೋಣ. ಹಿಂದೆ ಊರಲ್ಲಿ ಸಾವಕಾರರ ಅಂಗಡಿಯಲ್ಲಿ ಉದ್ರಿ ಪುಸ್ತಕ ಇರುತ್ತಿತ್ತು. ಯಾರು ಸುಗ್ಗಿಗೆ ಸರಿಯಾಗಿ ಲೆಕ್ಕ ತೀರಿಸ್ತಾರೆ, ಯಾರು ದಾರಿ ತಪ್ಪಿಸಿ ಓಡಾಡ್ತಾರೆ ಅನ್ನೋದು ಸಾವಕಾರರಿಗೆ ಬಾಯಿಪಾಠ. ಬ್ಯಾಂಕಿನ ಮ್ಯಾನೇಜರ್‌ಗೆ ನಿಮ್ಮ ಮನೆತನ ಗೊತ್ತಿಲ್ಲ, ಮೂರು ವರ್ಷಕ್ಕೊಮ್ಮೆ ಅವರಿಗೇ ವರ್ಗ ಆಗುತ್ತೆ. ಅದಕ್ಕೆ ಎಲ್ಲ ಬ್ಯಾಂಕು, ಫೈನಾನ್ಸ್ ಕಂಪನಿಗಳ ಉದ್ರಿ ಪುಸ್ತಕ ಒಂದೇ ಕಡೆ ಸೇರಿಸಿ ಇಟ್ಟಿದ್ದಾರೆ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ ಅಡಿ ಈ ಕೆಲಸಕ್ಕೆ ಈಗ ನಾಲ್ಕು ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್. ಸಿಬಿಲ್ 2000ನೇ ಇಸವಿಯಲ್ಲೇ ಶುರುವಾಗಿ ಎಲ್ಲರಿಗಿಂತ ಹಳೆಯದು, ಹಾಗಾಗಿ ಅದರ ಹೆಸರೇ ಎಲ್ಲದಕ್ಕೂ ನಿಂತುಬಿಟ್ಟಿದೆ. ಯಾವ ಕಂಪನಿಯ ವನಸ್ಪತಿ ಆದ್ರೂ ಡಾಲ್ಡಾ ಅಂತೀವಲ್ಲ, ಹಾಗೆ.

ಅಂಕ 300ರಿಂದ 900ರವರೆಗೆ. 750 ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಒಳ್ಳೇದು ಅಂತಾರೆ. ಇಲ್ಲಿ ನಿಮ್ಮ ಜಾತಿ, ಹೊಲದ ಎಕರೆ, ಉಳಿತಾಯ ಖಾತೆಯಲ್ಲಿರುವ ದುಡ್ಡು ಯಾವುದೂ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರೋದು ಇಷ್ಟೇ: ಯಾವ ಸಾಲ ತಗೊಂಡ್ರಿ, ಕಂತು ಟೈಮಿಗೆ ಕಟ್ಟಿದ್ರಾ, ಕಾರ್ಡಿನ ಮಿತಿಯಲ್ಲಿ ಎಷ್ಟು ಬಳಸಿದ್ರಿ, ಎಷ್ಟು ವರ್ಷದಿಂದ ಸಾಲದ ವ್ಯವಹಾರ ಇದೆ, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ರಿ. ಅಡತಿ ಅಂಗಡಿಯ ಸಾಲ, ಕೈಗಡ, ಬಡ್ಡಿ ವ್ಯವಹಾರ ಇದರಲ್ಲಿ ಬರಲ್ಲ. ಅಂದ್ರೆ ಅಡತಿಯವರ ಲೆಕ್ಕ ಇಪ್ಪತ್ತು ವರ್ಷ ಚುಕ್ತಾ ಮಾಡಿದ ಪ್ರಾಮಾಣಿಕ ರೈತನಿಗೆ ಇಲ್ಲಿ ಒಂದೇ ಒಂದು ಅಂಕವೂ ಸಿಗಲ್ಲ. ಇದು ನನಗೆ ಅನ್ಯಾಯ ಅನ್ನಿಸುತ್ತೆ. ಆದರೆ ಆಟದ ನಿಯಮ ಗೊತ್ತಿಲ್ಲದೆ ಆಡೋದು ಅದಕ್ಕಿಂತ ದೊಡ್ಡ ನಷ್ಟ.

ನಷ್ಟ ಎಷ್ಟು? ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೆ ಇರೋಕೆ ಆಗಲ್ಲ. 15 ಲಕ್ಷ ಸಾಲ, 20 ವರ್ಷ ಅವಧಿ ಅಂತ ಇಟ್ಕೊಳ್ಳಿ. ಬಡ್ಡಿ ಶೇಕಡಾ 8.5 ಆದರೆ ತಿಂಗಳ ಕಂತು ಸುಮಾರು 13,017 ರೂಪಾಯಿ. ಅಂಕ ಕಡಿಮೆ ಅಂತ ಇನ್ನೊಂದು ಕಡೆ ಶೇಕಡಾ 10.5ಕ್ಕೆ ತಗೊಂಡ್ರೆ ಕಂತು ಸುಮಾರು 14,976. ತಿಂಗಳಿಗೆ ಎರಡು ಸಾವಿರದ ಹತ್ತಿರ ವ್ಯತ್ಯಾಸ. 240 ತಿಂಗಳಿಗೆ 4 ಲಕ್ಷ 70 ಸಾವಿರ! ಅದೇ ಜಾಗ, ಅದೇ ಮನೆ, ಅದೇ ಇಟ್ಟಿಗೆ. ಒಂದು ವರ್ಷ ತಾಳ್ಮೆಯಿಂದ ಹೆಸರು ಸರಿ ಮಾಡಿಕೊಂಡರೆ ಉಳಿಯುವ ದುಡ್ಡು ಇದು.

ಸರಿ, ಓದೋದು ಹೇಗೆ? ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಇದು ರಿಸರ್ವ್ ಬ್ಯಾಂಕ್ ಆದೇಶ, 2017ರಿಂದ ಜಾರಿಯಲ್ಲಿದೆ. ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಿ, ಪ್ಯಾನ್ ನಂಬರು, ಮೊಬೈಲ್ ನಂಬರು ಕೊಟ್ಟರೆ ಓಟಿಪಿ ಬರುತ್ತೆ. ನಮ್ಮ ವರದಿ ನಾವೇ ನೋಡಿದ್ರೆ ಅಂಕ ಇಳಿಯುತ್ತೆ ಅನ್ನೋ ಮಾತಿದೆ. ಅದು ಸುಳ್ಳು. ನೂರು ಸಲ ನೋಡಿದರೂ ಇಳಿಯಲ್ಲ. ಬ್ಯಾಂಕಿನವರು ಸಾಲಕ್ಕಾಗಿ ನೋಡಿದರೆ ಮಾತ್ರ ಅದು ವಿಚಾರಣೆ ಅಂತ ದಾಖಲಾಗುತ್ತೆ.

ಹೋಟೆಲ್‌ನ ಆ ಟೇಬಲ್ ಮೇಲೇ, ಅವನ ಮೊಬೈಲ್‌ನಲ್ಲೇ ವರದಿ ತೆಗೆದ್ವಿ. ಚಹಾ ಆರಿ ಹೋಯ್ತು. ನಾಲ್ಕು ಗಂಟು ಕಂಡವು. ನಾಲ್ಕೂ ನಮ್ಮ ಊರುಗಳಲ್ಲಿ ಮನೆ ಮನೆಗೆ ಇರುವ ಗಂಟುಗಳೇ. ಒಂದೊಂದಾಗಿ ಬಿಚ್ಚೋಣ.

ಮೊದಲನೆಯದು, ತೀರಿಸಿದ ಸಾಲ. ಬೈಕ್ ಸಾಲದ ಕೊನೆಯ ಕಂತು ಕಟ್ಟಿ ಎರಡು ವರ್ಷ ಆಗಿತ್ತು. ವರದಿಯಲ್ಲಿ ಅದಿನ್ನೂ ಚಾಲ್ತಿ, ಮೇಲೆ ಒಂದಿಷ್ಟು ಬಾಕಿ. “ಕಟ್ಟೀನ್ರಿ, ರಸೀದಿ ಮನ್ಯಾಗ ಐತಿ” ಅಂದ. ರಸೀದಿ ಸಾಲದು ಸ್ವಾಮಿ. ಬೇಬಾಕಿ ಪತ್ರ ಬೇಕು. ಯಾವ ಸಾಲವನ್ನೇ ತೀರಿಸಲಿ, ಇನ್ನು ಏನೂ ಬಾಕಿ ಇಲ್ಲ ಅನ್ನುವ ಪತ್ರ ತಗೊಂಡೇ ಬಾಗಿಲು ದಾಟಬೇಕು. ಆ ಪತ್ರ ಇಟ್ಟುಕೊಂಡು, ಕ್ರೆಡಿಟ್ ಕಂಪನಿಯ ವೆಬ್‌ಸೈಟಿನಲ್ಲೇ ತಕರಾರು ಸಲ್ಲಿಸಬಹುದು. ಖರ್ಚಿಲ್ಲ. 30 ದಿನದ ಒಳಗೆ ಇತ್ಯರ್ಥ ಆಗಬೇಕು. ಆಗದಿದ್ದರೆ 31ನೇ ದಿನದಿಂದ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. ಇದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮ. ಅಲ್ಲಿಯೂ ಕೇಳಲಿಲ್ಲ ಅಂದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಕ್ರೆಡಿಟ್ ಮಾಹಿತಿ ಕಂಪನಿಗಳೂ 2022ರ ಸೆಪ್ಟೆಂಬರ್‌ನಿಂದ ಅವರ ವ್ಯಾಪ್ತಿಗೆ ಬಂದಿವೆ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳ್ತಾರೆ.

ಎರಡನೆಯದು, ಗೆಳೆಯನ ಮೊಬೈಲ್. ಗೆಳೆಯನ ಹತ್ತಿರ ಪ್ಯಾನ್ ಕಾರ್ಡ್ ಇರಲಿಲ್ಲ, ಇವನ ಹೆಸರಲ್ಲಿ ಇಎಂಐ ಮೇಲೆ ಫೋನ್ ಕೊಡಿಸಿದ್ದ. ಗೆಳೆಯ ಐದಾರು ಕಂತು ಕಟ್ಟಿ, ಗುಳೆ ಹೋದವರ ಜೊತೆ ಬೆಂಗಳೂರಿಗೆ ಹೋದ. ಫೋನ್ ಅವನ ಕೈಯಲ್ಲಿ, ಬಾಕಿ ಇವನ ಹೆಸರಲ್ಲಿ. ಉಳಿದಿದ್ದು ಸಣ್ಣ ಮೊತ್ತವೇ. ಆದರೆ ವರದಿಗೆ ಮೊತ್ತಕ್ಕಿಂತ ದಿನ ಮುಖ್ಯ. ಪ್ರತಿ ತಿಂಗಳ ಕೆಳಗೆ ಮೂರಂಕಿಯ ಸಂಖ್ಯೆ ಇರುತ್ತೆ. 000 ಅಂದ್ರೆ ಟೈಮಿಗೆ ಕಟ್ಟಿದ್ದೀರಿ. 030 ಅಂದ್ರೆ ಮೂವತ್ತು ದಿನ ತಡ. ಅದು 090 ದಾಟಿತು ಅಂದ್ರೆ ಬ್ಯಾಂಕಿನ ಭಾಷೆಯಲ್ಲಿ ವಸೂಲಾಗದ ಸಾಲ, ಎನ್‌ಪಿಎ. ಬೆಳೆ ಸಾಲಕ್ಕೆ ಮಾತ್ರ ಈ ಲೆಕ್ಕ ಬೆಳೆಯ ಹಂಗಾಮಿನ ಮೇಲೆ ಹೋಗುತ್ತೆ. ಉಳಿದ ಸಾಲಗಳಲ್ಲಿ ಎರಡು ಸಾವಿರದ ಬಾಕಿಯೂ ಎರಡು ಲಕ್ಷದ ಬಾಕಿಯೂ ದಿನದ ಲೆಕ್ಕದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಇದಕ್ಕೆ ಔಷಧಿ ಒಂದೇ. ಗೆಳೆಯನ ಮೇಲಿನ ಸಿಟ್ಟು ಪಕ್ಕಕ್ಕಿಟ್ಟು, ದಂಡ ಸೇರಿಸಿ ಪೂರ್ತಿ ಕಟ್ಟೋದು, ಬೇಬಾಕಿ ತಗೊಳ್ಳೋದು. ಗೆಳೆಯನ ಜೊತೆ ಜಗಳ ಆಮೇಲೆ ಮಾಡಿ.

ಮೂರನೆಯದು ಸ್ವಲ್ಪ ಮೋಸದ ಗಂಟು. ಕೋವಿಡ್ ಕಾಲದಲ್ಲಿ ಅಂಗಡಿ ಮುಚ್ಚಿತ್ತು. ಆಗ ತಗೊಂಡಿದ್ದ ಒಂದು ಪರ್ಸನಲ್ ಲೋನ್ ನಿಂತು ಹೋಗಿತ್ತು. ವಸೂಲಿಗೆ ಬಂದವರು, “ಅರ್ಧ ಕಟ್ರಿ, ಸೆಟಲ್ ಮಾಡ್ತೀವಿ” ಅಂದರು. ಇವನು ಸಂತೋಷದಿಂದ ಕಟ್ಟಿದ. ಅರ್ಧ ಉಳೀತು ಅಂದುಕೊಂಡ. ವರದಿಯಲ್ಲಿ ಏನು ಬರೆದಿದೆ ಗೊತ್ತಾ? ‘ಸೆಟಲ್ಡ್’. ಅದರ ಅರ್ಥ, ಈ ಮನುಷ್ಯ ಪೂರ್ತಿ ಕಟ್ಟಲಿಲ್ಲ, ನಾವೇ ಸೋತು ಬಿಟ್ಟೆವು ಅಂತ. ಮನೆ ಸಾಲ ಕೊಡುವವರು ಈ ಪದ ಕಂಡರೆ ಹಿಂದೆ ಸರಿಯುತ್ತಾರೆ. ನಮಗೆ ಬೇಕಾದ ಪದ ‘ಕ್ಲೋಸ್ಡ್’. ಹಾಗಾಗಿ ಅದೇ ಸಂಸ್ಥೆಗೆ ಪತ್ರ ಬರೆದು, ಬಿಟ್ಟ ಹಣವನ್ನೂ ಕಟ್ಟುತ್ತೇನೆ, ಖಾತೆಯನ್ನು ‘ಕ್ಲೋಸ್ಡ್’ ಅಂತ ತಿದ್ದಿಸಿ ಅಂತ ಕೇಳಬೇಕು. ಒಪ್ಪಿದ್ದನ್ನು ಬರಹದಲ್ಲಿ ತಗೊಂಡು ಆಮೇಲೆ ದುಡ್ಡು ಕಟ್ಟಬೇಕು. ಬಾಯಿ ಮಾತಿಗೆ ಕಟ್ಟಬೇಡಿ. ಇದೇ ಮಾತು ಒಂದೇ ಸಲ ತೀರಿಸುವ ಓಟಿಎಸ್ ಯೋಜನೆಗಳಿಗೂ ಅನ್ವಯ. ಬಹಳ ಕಷ್ಟದಲ್ಲಿದ್ದವರಿಗೆ ಓಟಿಎಸ್ ಬೇಡ ಅಂತ ನಾನು ಹೇಳಲ್ಲ. ಆದರೆ ಮುಂದೆ ಮನೆ ಸಾಲ ಬೇಕು ಅನ್ನುವವರು, ಆ ರಿಯಾಯಿತಿಗೆ ಯಾವ ಬೆಲೆ ತೆರುತ್ತಿದ್ದೇವೆ ಅಂತ ತಿಳಿದು ಸಹಿ ಹಾಕಿ.

ನಾಲ್ಕನೆಯದು, ಜಾಮೀನು. ದೊಡ್ಡಪ್ಪನ ಮಗನ ಟ್ರ್ಯಾಕ್ಟರ್ ಸಾಲಕ್ಕೆ ಇವನು ಜಾಮೀನು ನಿಂತಿದ್ದ. ಎರಡು ವರ್ಷ ಹತ್ತಿ ಕೈ ಕೊಟ್ಟಿತು, ಕಂತು ನಿಂತಿತು. ಆ ಸಾಲ ಇವನ ವರದಿಯಲ್ಲಿ ‘ಜಾಮೀನುದಾರ’ ಅಂತ ಕೂತಿದೆ. “ನಾ ಬರೇ ಸಹಿ ಮಾಡಿದ್ದು ಸರ್ರ” ಅಂದ. ಸಹಿ ಮಾಡಿದ್ದೇ ಸಾಲ, ತಮ್ಮಾ. ಸಾಲ ಪಡೆದವನು ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಅನ್ನೋದೇ ಜಾಮೀನಿನ ಅರ್ಥ. ಸಾಲ ಕೊಟ್ಟವರು ಒಪ್ಪದೆ ಅದರಿಂದ ಹೆಸರು ತೆಗೆಸೋಕೆ ಆಗಲ್ಲ. ಬೇರೆ ಜಾಮೀನುದಾರನನ್ನು ಕೊಟ್ಟು ಕೇಳಬಹುದು, ಒಪ್ಪುವುದು ಬಿಡುವುದು ಅವರ ಕೈಲಿದೆ. ಇಲ್ಲಾಂದ್ರೆ ಮನೆಯವರೆಲ್ಲ ಕೂತು, ಬೆಳೆ ಬಂದಾಗ ಮೊದಲ ದುಡ್ಡು ಆ ಕಂತಿಗೆ ಅಂತ ಮಾತಾಡಿಕೊಳ್ಳಬೇಕು. ನಾಲ್ಕರಲ್ಲಿ ಅತ್ಯಂತ ಕಷ್ಟದ ಗಂಟು ಇದೇ. ಯಾಕಂದ್ರೆ ಇದು ಬ್ಯಾಂಕಿನಲ್ಲಿ ಬಿಚ್ಚುವುದಲ್ಲ, ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಬಿಚ್ಚುವುದು.

ನೋಡಿ, ನಾಲ್ಕರಲ್ಲಿ ಎರಡು ಗಂಟು ಇವನ ಸ್ವಂತ ಸಾಲದ್ದೇ ಅಲ್ಲ. ಬೇರೆಯವರಿಗೆ ಹೆಸರು ಕೊಟ್ಟಿದ್ದರಿಂದ ಬಂದಿದ್ದು. ನಮ್ಮ ಕಡೆ ಇದು ದೊಡ್ಡ ವಿಷಯವೇ ಅಲ್ಲ. “ನಿನ್ನ ಹೆಸರು ಒಂದಿಷ್ಟು ಕೊಡೋ” ಅಂತಾರೆ, ಉಪ್ಪು ಕೇಳಿದ ಹಾಗೆ. ಬೇಡ ಅನ್ನೋಕೆ ಸಂಕೋಚ. ಆದರೆ ಕೊಟ್ಟ ಉಪ್ಪು ವಾಪಸ್ ಬರದಿದ್ದರೆ ಸಾರು ಸಪ್ಪೆ ಆಗುತ್ತೆ ಅಷ್ಟೇ. ಕೊಟ್ಟ ಹೆಸರು ವಾಪಸ್ ಬರದಿದ್ದರೆ ಮನೆ ಕಟ್ಟೋದು ನಿಲ್ಲುತ್ತೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ಮನೆ ಸಾಲಕ್ಕೆ ಗಂಡ ಹೆಂಡತಿ ಸೇರಿ ಅರ್ಜಿ ಹಾಕಿದರೆ ಇಬ್ಬರ ವರದಿಯನ್ನೂ ಬ್ಯಾಂಕ್ ನೋಡುತ್ತೆ. ಸಂಘದ ಸಾಲ ಇರೋದು ಹೆಂಡತಿಯ ಹೆಸರಲ್ಲಿ. ಮೈಕ್ರೋಫೈನಾನ್ಸ್‌ನವರು ಗುಂಪಿನಲ್ಲಿ ಕೊಟ್ಟರೂ ಸಾಲ ದಾಖಲಾಗುವುದು ಒಬ್ಬೊಬ್ಬರ ಹೆಸರಲ್ಲೇ. ಪಕ್ಕದ ಮನೆಯವಳಿಗೆ ಅಂತ ತನ್ನ ಹೆಸರಲ್ಲಿ ಎತ್ತಿ ಕೊಟ್ಟ ಸಾಲ, ಒಂದು ಸಂಘದ ಕಂತು ಕಟ್ಟೋಕೆ ಇನ್ನೊಂದು ಸಂಘದಲ್ಲಿ ಎತ್ತಿದ ಸಾಲ, ಎಲ್ಲ ಅಲ್ಲಿ ಸಾಲಾಗಿ ನಿಂತಿರುತ್ತೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಅಂದ್ರೆ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನ ಇಲ್ಲದೆ ಕೊಡುವ ಸಾಲ. ಕುಟುಂಬದ ಎಲ್ಲ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರಬಾರದು. ಈ ಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ.

ಹಾಗೇ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ತಂದ ಸುಗ್ರೀವಾಜ್ಞೆ ನಿಮಗೆ ನೆನಪಿರಬಹುದು. ಆಮೇಲೆ ಅದು ಕಾಯ್ದೆಯೂ ಆಯಿತು. ದೌರ್ಜನ್ಯ ಮಾಡಿ ಸಾಲ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದು. ಆದರೆ ಅದು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು, ಫೈನಾನ್ಸ್ ಕಂಪನಿಗಳ ಸಾಲವನ್ನು ಮನ್ನಾ ಮಾಡುವ ಕಾನೂನು ಅಲ್ಲ. ಮನ್ನಾ ಆಯ್ತು ಅಂತ ಯಾರೋ ಹೇಳಿದರು ಅಂತ ಕಂತು ನಿಲ್ಲಿಸಿದರೆ, ವರದಿಯಲ್ಲಿ 030, 060, 090 ಅಂತ ಏರುತ್ತಾ ಹೋಗುತ್ತೆ. ಸರ್ಕಾರದ ಬೆಳೆ ಸಾಲ ಮನ್ನಾದ ಫಲಾನುಭವಿಗಳಿಗೂ ಒಂದು ಮಾತು: ಮನ್ನಾ ಆಯ್ತು ಅಂತ ಸುಮ್ಮನಾಗಬೇಡಿ. ಬೇಬಾಕಿ ತಗೊಳ್ಳಿ, ವರದಿಯಲ್ಲಿ ಖಾತೆ ಮುಗಿದಿದೆಯಾ ಅಂತ ಒಮ್ಮೆ ನೋಡಿ.

ಇಷ್ಟೆಲ್ಲ ಉಪದೇಶ ಮಾಡುವ ನಾನೇನು ಸಾಚಾ ಅಂದುಕೊಳ್ಳಬೇಡಿ. ಇಂಜಿನಿಯರಿಂಗ್ ಓದೋಕೆ ಶಿಕ್ಷಣ ಸಾಲ ತಗೊಂಡಿದ್ದೆ. ಮೊದಲ ಕೆಲಸ ಬಿಟ್ಟು ಟಿವಿಗೆ ಬಂದಾಗ ಸಂಬಳದ ಖಾತೆ ಬದಲಾಯ್ತು. ಹಳೆ ಖಾತೆಯಲ್ಲಿ ದುಡ್ಡಿಲ್ಲದೆ ಮೂರು ಕಂತು ವಾಪಸ್ ಹೋದವು. ಬಂದ ಮೆಸೇಜುಗಳನ್ನು ನಾನು ನೋಡಲೇ ಇಲ್ಲ. ಸ್ಟುಡಿಯೋದಲ್ಲಿ ಕೂತು ಬ್ಯಾಂಕ್ ಸುಸ್ತಿದಾರರ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಸ್ತಿದ್ದ ನನ್ನ ಹೆಸರೇ ಸುಸ್ತಿಯಲ್ಲಿತ್ತು. ಫ್ಲ್ಯಾಟಿಗೆ ಸಾಲ ಕೇಳಲು ಹೋದಾಗ ಗೊತ್ತಾಯಿತು. ಒಂದು ವರ್ಷ ಕಾದೆ. ಆ ವರ್ಷ ಕಲಿತದ್ದನ್ನೇ ಇವತ್ತು ಹೇಳ್ತಿದ್ದೀನಿ.

ಗಂಟು ಬಿಚ್ಚಿದ ಮೇಲೆ ಏನು? ಕಾಯಬೇಕು, ಆದರೆ ಸುಮ್ಮನೆ ಕಾಯಬಾರದು. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು. ಹಾಗಾಗಿ ಕಟ್ಟಿದ ಬಾಕಿ ವರದಿಯಲ್ಲಿ ಬೇಗ ಕಾಣುತ್ತೆ. ಅಂಕ ಮಾತ್ರ ಅಷ್ಟು ಬೇಗ ಏರಲ್ಲ. ಸಿಬಿಲ್ ವರದಿಯಲ್ಲಿ ಹಿಂದಿನ 36 ತಿಂಗಳ ಕಂತಿನ ಚರಿತ್ರೆ ಇರುತ್ತೆ. ಪ್ರತಿ ತಿಂಗಳು ಹೊಸ 000 ಒಂದು ಕಡೆ ಸೇರುತ್ತಾ ಹೋದ ಹಾಗೆ ಹಳೆಯ ತಪ್ಪು ಹಿಂದಕ್ಕೆ ಸರಿಯುತ್ತೆ. ಗಬ್ಬೂರಿನ ಗುಡಿಯ ಶಾಸನದಲ್ಲಿ ಕೆತ್ತಿದ್ದು ನೂರಾರು ವರ್ಷದಿಂದ ಹಾಗೇ ಇದೆ. ನಿಮ್ಮ ಕ್ರೆಡಿಟ್ ವರದಿ ಹಾಗಲ್ಲ. ಅದನ್ನು ಪ್ರತಿ ತಿಂಗಳು ಮತ್ತೆ ಬರೀತಾರೆ. ಬರೆಯುವ ಪೆನ್ನು ಅವರದು, ಬರೆಸುವವರು ನೀವು.

ಅದಕ್ಕೆ ಆ ಒಂದು ವರ್ಷ ಇಷ್ಟು ಮಾಡಿ. ಇರುವ ಸಾಲದ ಕಂತನ್ನು ದಿನಾಂಕಕ್ಕೆ ಎರಡು ದಿನ ಮೊದಲೇ ಖಾತೆಯಲ್ಲಿ ಇಡಿ. ಬೆಳೆ ಸಾಲ ಇದ್ದರೆ ಗಡುವಿನ ಒಳಗೆ ಕಟ್ಟಿ ನವೀಕರಿಸಿ. ಟೈಮಿಗೆ ಕಟ್ಟಿದವರಿಗೆ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಬಡ್ಡಿ ಶೇಕಡಾ 7ರಿಂದ 4ಕ್ಕೆ ಇಳಿಯುತ್ತೆ, ನಮ್ಮ ರಾಜ್ಯದ ಸಹಕಾರ ಸಂಘದ ಬೆಳೆ ಸಾಲಕ್ಕೆ ಬಡ್ಡಿಯೇ ಇಲ್ಲ. ತಡ ಮಾಡಿದರೆ ಆ ಲಾಭವೂ ಹೋಯ್ತು, ಹೆಸರೂ ಹೋಯ್ತು. ಕ್ರೆಡಿಟ್ ಕಾರ್ಡ್ ಇದ್ದರೆ ಮಿತಿಯ ಶೇಕಡಾ 30ರ ಒಳಗೆ ಬಳಸಿ, ಬಿಲ್ ಪೂರ್ತಿ ಕಟ್ಟಿ. ‘ಕನಿಷ್ಠ ಮೊತ್ತ’ ಕಟ್ಟಿದರೆ ಹೆಸರು ಉಳಿಯುತ್ತೆ, ಬಡ್ಡಿ ಮಾತ್ರ ಜೇಬು ಖಾಲಿ ಮಾಡುತ್ತೆ. ಯಾವ ಸಾಲವೂ ಚಾಲ್ತಿಯಲ್ಲಿ ಇಲ್ಲದವರು ಬ್ಯಾಂಕಿನಲ್ಲಿ ಸಣ್ಣ ಠೇವಣಿ ಇಟ್ಟು ಅದರ ಮೇಲೆ ಕಾರ್ಡ್ ತಗೊಳ್ಳಬಹುದು, ಅಥವಾ ಬ್ಯಾಂಕಿನಲ್ಲಿ ಸಣ್ಣ ಬಂಗಾರದ ಸಾಲ ತಗೊಂಡು ಸರಿಯಾಗಿ ತೀರಿಸಬಹುದು. ಅಂಕಕ್ಕೋಸ್ಕರ ಅಂತ ಬೇಡದ ಸಾಲ ರಾಶಿ ಹಾಕಿಕೊಳ್ಳಬೇಡಿ.

ಇನ್ನೊಂದು. ಒಂದು ಬ್ಯಾಂಕ್ ಇಲ್ಲ ಅಂದ ತಕ್ಷಣ ರಾಯಚೂರಿನ ಸ್ಟೇಷನ್ ರಸ್ತೆಯಿಂದ ಹಿಡಿದು ಎಲ್ಲ ಬ್ಯಾಂಕಿಗೂ ಅರ್ಜಿ ಹಾಕುತ್ತಾ ಹೋಗಬೇಡಿ. ಪ್ರತಿ ಅರ್ಜಿಯೂ ವಿಚಾರಣೆಯಾಗಿ ದಾಖಲಾಗುತ್ತೆ, ಹಸಿದವನು ಎಲ್ಲ ಮನೆ ಬಾಗಿಲು ಬಡಿದ ಹಾಗೆ ಕಾಣುತ್ತೆ. ಮೊಬೈಲ್‌ನಲ್ಲಿ ಎರಡು ನಿಮಿಷದ ಸಾಲ ಅಂತ ಬರುವ ಲಿಂಕುಗಳನ್ನು ಮುಟ್ಟಲೇಬೇಡಿ. ಹಾಗೇ, ಐದು ಸಾವಿರ ಕೊಡಿ, ಹದಿನೈದು ದಿನದಲ್ಲಿ ಸಿಬಿಲ್ 800 ಮಾಡಿಸಿಕೊಡ್ತೀವಿ ಅನ್ನುವವರು ಬರ್ತಾರೆ. ತಪ್ಪಿದ್ದರೆ ತಿದ್ದಿಸುವುದು ಉಚಿತ. ನಿಜವಾಗಿ ತಡ ಮಾಡಿದ್ದನ್ನು ಅಳಿಸೋಕೆ ಯಾವ ಏಜೆಂಟನಿಗೂ ಆಗಲ್ಲ. ಅವರಿಗೆ ಕೊಡುವ ಐದು ಸಾವಿರದಲ್ಲಿ ಗೆಳೆಯನ ಮೊಬೈಲ್ ಬಾಕಿ ತೀರುತ್ತೆ.

ಈಗ ಬ್ಯಾಂಕಿನವರಿಗೂ ಒಂದು ಮಾತು ಹೇಳಬೇಕು. ಕನಿಷ್ಠ ಇಷ್ಟು ಅಂಕ ಇರಲೇಬೇಕು ಅಂತ ರಿಸರ್ವ್ ಬ್ಯಾಂಕ್ ಎಲ್ಲೂ ನಿಗದಿ ಮಾಡಿಲ್ಲ. ಮೊದಲ ಸಲ ಸಾಲ ಕೇಳುವವರಿಗೆ ಚರಿತ್ರೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಅಂತ 2025ರಲ್ಲಿ ಕೇಂದ್ರ ಹಣಕಾಸು ಇಲಾಖೆ ಸಂಸತ್ತಿನಲ್ಲೇ ಸ್ಪಷ್ಟಪಡಿಸಿದೆ. ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಅನ್ನುವ ನಿಯಮ ಬಹಳ ಹಿಂದಿನಿಂದಲೇ ಇದೆ. “ಸಿಬಿಲ್ ಇಲ್ಲ, ಆಗಂಗಿಲ್ಲ” ಅನ್ನೋದು ಬಾಯಿ ಮಾತು. ಗ್ರಾಹಕರೇ, ಬರಹದಲ್ಲಿ ಕೇಳಿ. ಸಾಹೇಬರೇ, ಬರೆದು ಕೊಡಿ. ಯಾವ ಖಾತೆಯಿಂದ ತೊಂದರೆ ಅಂತ ಗೊತ್ತಾದರೆ ಆ ಮನುಷ್ಯ ಅಲ್ಲಿಂದಲೇ ರಿಪೇರಿ ಶುರು ಮಾಡ್ತಾನೆ.

ಇನ್ನೂ ಮುಖ್ಯವಾದದ್ದು ಒಂದಿದೆ. ಹತ್ತಿ ಬೆಳೆಯುವ ಊರಲ್ಲಿ ದುಡ್ಡು ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತೆ. ಕಂತು ಮಾತ್ರ ಪ್ರತಿ ತಿಂಗಳು 5ನೇ ತಾರೀಕು ಬಾಗಿಲಿಗೆ ಬಂದು ನಿಲ್ಲುತ್ತೆ. ಮಳೆ ತಡವಾದರೆ, ಕಾಲುವೆಗೆ ನೀರು ಬರದಿದ್ದರೆ ರೈತ ಅಪ್ರಾಮಾಣಿಕ ಆಗಲ್ಲ. ಆದರೆ ವರದಿಯಲ್ಲಿ ಅವನು ಹಾಗೇ ಕಾಣ್ತಾನೆ. ಗ್ರಾಮೀಣ ಭಾಗದಲ್ಲಿ ಸಾಲ ಕೊಡುವವರು ಕಂತಿನ ದಿನಾಂಕವನ್ನು ಬೆಳೆ ಕೈಗೆ ಬರುವ ಕಾಲಕ್ಕೆ ಹೊಂದಿಸುವ ಬಗ್ಗೆ ಯೋಚಿಸಬೇಕು. ಇದು ದಾನ ಅಲ್ಲ, ಲೆಕ್ಕದ ಬುದ್ಧಿವಂತಿಕೆ.

ಕೊನೆಗೆ ಗಬ್ಬೂರಿನ ಆ ಯುವಕನ ಕಥೆ. ಮನೆಗೆ ಅಂತ ಕೂಡಿಟ್ಟ ದುಡ್ಡಿನಲ್ಲಿ ಬಾಕಿ ತೀರಿಸೋಕೆ ಅವನಿಗೆ ಮನಸ್ಸಿರಲಿಲ್ಲ. “ಇಟ್ಟಂಗಿಗೆ ಇಟ್ಟಿದ್ದ ದುಡ್ಡು ಸರ್ರ” ಅಂದಿದ್ದ. ಬುನಾದಿ ಇಲ್ಲದೆ ಇಟ್ಟಂಗಿ ಎಲ್ಲಿ ಇಡ್ತೀಯಪ್ಪಾ ಅಂದಿದ್ದೆ. ಮೊಬೈಲ್ ಬಾಕಿ ಕಟ್ಟಿದ. ಬೈಕಿನ ತಕರಾರು ಒಂದು ತಿಂಗಳೊಳಗೆ ಸರಿ ಹೋಯ್ತು. ಸೆಟಲ್ ಮಾಡಿದ ಸಾಲದ ಉಳಿದ ಹಣವನ್ನು ಮೂರು ಸಲದಲ್ಲಿ ಕಟ್ಟಿ ‘ಕ್ಲೋಸ್ಡ್’ ಮಾಡಿಸಿಕೊಂಡ. ವರ್ಷ ದಾಟಿದ ಮೇಲೆ ಮೊನ್ನೆ ಫೋನ್ ಮಾಡಿದ್ದ. ಅಂಕ 731 ಆಗಿದೆಯಂತೆ. ಬ್ಯಾಂಕಿನವರು ಮತ್ತೆ ಅರ್ಜಿ ತಗೊಂಡಿದ್ದಾರೆ, ಮಂಜೂರಾತಿ ಇನ್ನೂ ಬಂದಿಲ್ಲ.

“ಟ್ರ್ಯಾಕ್ಟರ್ ಏನಾಯ್ತಪ್ಪಾ?” ಅಂದೆ.

“ದೊಡ್ಡಪ್ಪಾರ ಮುಂದ ಕುಂತು ಮಾತಾಡೀವ್ರಿ. ಈ ಸಲದ ಹತ್ತಿ ಮಾರಿ ಒಂದು ಕಂತು ಕಟ್ಯಾನ್ರಿ ಅಣ್ಣ. ಇನ್ನೂ ಅದಾವ್ರಿ.” ಸ್ವಲ್ಪ ತಡೆದು ಸೇರಿಸಿದ: “ಮೊನ್ನೆ ಒಬ್ಬಾಂವ ಬಂದಿದ್ದ ಸರ್ರ, ಫ್ರಿಜ್ಜಿಗೆ ನಿನ್ನ ಹೆಸರು ಕೊಡು ಅಂತ. ಚಹಾ ಕುಡಿಸಿ ಕಳಿಸೀನಿ.”

ಅಷ್ಟೇ ವೀಕ್ಷಕರೇ. ಇವತ್ತು ರಾತ್ರಿ ಊಟ ಆದ ಮೇಲೆ, ಮೊಬೈಲ್‌ನಲ್ಲಿ ರೀಲ್ಸ್ ನೋಡುವ ಮೊದಲು, ನಿಮ್ಮ ವರದಿ ಒಮ್ಮೆ ತೆಗೆದು ನೋಡಿ. ಮನೆಯಾಕೆಯದೂ ನೋಡಿ. ಮನೆ ಕಟ್ಟೋದು ಐದು ವರ್ಷಕ್ಕಿರಲಿ, ಹತ್ತು ವರ್ಷಕ್ಕಿರಲಿ. ನಿಮ್ಮ ಹೆಸರಿನ ಮೇಲೆ ಯಾರು ಏನು ಬರೆದಿದ್ದಾರೆ ಅಂತ ತಿಳಿಯುವ ಹಕ್ಕು ಮೊದಲು ನಿಮ್ಮದು.